ವಿಎಲ್‌ಸಿ ‘ಎಂಆರ್‌ಎಲ್ ತೆರೆಯಲಾಗಲಿಲ್ಲ’ ಅಂದಾಗ: ವಿಳಾಸದ ಯಾವ ತುಂಡು ಕೆಟ್ಟಿದೆ ಎಂದು ಹುಡುಕುವ ಬಗೆ

ಕಳೆದ ನವೆಂಬರ್‌ನಲ್ಲಿ ತೀರ್ಥಹಳ್ಳಿ ಕಡೆಯಿಂದ ಚಿಕ್ಕಪ್ಪ ಫೋನ್ ಮಾಡಿದರು. ಅಡಿಕೆ ಬೇಯಿಸಿ ಅಂಗಳದಲ್ಲಿ ಹರವಿದ್ದರು. ಅಂಗಳಕ್ಕೆ ಒಂದು ಕ್ಯಾಮೆರಾ ಇದೆ. ಅದರ ಚಿತ್ರವನ್ನು ಜಗಲಿಯ ಹಳೇ ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಹಾಕಿ ನೋಡುತ್ತಾರೆ. ಮಂಗ ಬಂದರೂ, ಮೋಡ ಕಟ್ಟಿದರೂ ಒಳಗೆ ಕೂತೇ ಗೊತ್ತಾಗುತ್ತದೆ.

“ಅಂಗಳ ಕಾಣ್ತಾ ಇಲ್ಲ ಮಾರಾಯ. ಎಂಆರ್‌ಎಲ್ ತೆರೆಯೋಕೆ ಆಗ್ಲಿಲ್ಲ, ಲಾಗ್ ನೋಡಿ ಅಂತ ಬರ್ತದೆ. ಲಾಗ್ ಅಂದ್ರೆ ಎಂಥದು?”

ಆ ಒಂದು ಸಾಲಿನ ವಿಳಾಸದಲ್ಲಿ ಮೂರು ತಪ್ಪು ಸೇರಿಕೊಂಡಿದ್ದವು. ಒಂದನ್ನು ಸರಿಮಾಡಿದರೂ ಉಳಿದ ಎರಡರಿಂದಾಗಿ ಅದೇ ಸಂದೇಶ ಬರುತ್ತಿತ್ತು. ಆಗ ಸರಿಮಾಡಿದ್ದೂ ತಪ್ಪೇ ಇರಬೇಕು ಅನ್ನಿಸಿ ಮತ್ತೆ ಹಿಂದಕ್ಕೆ ಬದಲಾಯಿಸುತ್ತಿದ್ದೆವು. ಫೋನಿನಲ್ಲೇ ಎರಡು ಸಂಜೆ ಹೋಯಿತು. ಶನಿವಾರ ನಾನೇ ಊರಿಗೆ ಹೋಗಿ ಕೂತೆ. ಅಲ್ಲಿ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜೊತೆಗೆ ಇದೇ ಜಾತಿಯ ಬೇರೆ ತೊಂದರೆಗಳನ್ನೂ ಸೇರಿಸಿದ್ದೇನೆ.

ಎಂಆರ್‌ಎಲ್ ಎಂದರೆ ವಿಎಲ್‌ಸಿಗೆ ಕೊಡುವ ವಿಳಾಸ, ಅಷ್ಟೇ. ಫೈಲು, ಡಿವಿಡಿ, ವೆಬ್‌ಕ್ಯಾಮ್, ಜಾಲದಲ್ಲಿ ಬರುವ ವಿಡಿಯೋ, ಎಲ್ಲಕ್ಕೂ ಒಂದೇ ಬಗೆಯ ವಿಳಾಸ. ಇದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ವಿಡಿಯೋಲ್ಯಾನ್ ಯೋಜನೆ 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸೆಂಟ್ರಾಲ್‌ನ ವಿದ್ಯಾರ್ಥಿಗಳ ಕೆಲಸವಾಗಿ ಶುರುವಾಯಿತು. ಕ್ಯಾಂಪಸ್ಸಿನ ಜಾಲದಲ್ಲಿ ವಿಡಿಯೋ ಹರಿಸುವುದು ಅವರಿಗೆ ಬೇಕಿತ್ತು. 2001ರಲ್ಲಿ ಅದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಹಾಗಾಗಿ ವಿಎಲ್‌ಸಿಗೆ ಜಾಲದ ವಿಳಾಸ ಆಮೇಲೆ ಅಂಟಿಸಿದ ಸೌಕರ್ಯ ಅಲ್ಲ, ಮೊದಲಿಂದ ಇದ್ದದ್ದು.

ತೊಂದರೆ ಏನೆಂದರೆ, ವಿಳಾಸದ ಯಾವ ತುಂಡು ತಪ್ಪಿದರೂ ಅದೇ ಒಂದು ಸಂದೇಶ ಬರುತ್ತದೆ. ಆದ್ದರಿಂದ ಸೆಟ್ಟಿಂಗ್ ಬದಲಾಯಿಸುವುದು, ವಿಎಲ್‌ಸಿ ತೆಗೆದು ಮತ್ತೆ ಹಾಕುವುದು, ಇವನ್ನೆಲ್ಲ ಮೊದಲು ಮಾಡಬೇಡಿ. ವಿಳಾಸವನ್ನು ತುಂಡು ಮಾಡಿ, ಒಂದೊಂದೇ ತುಂಡನ್ನು ಬೇರೆಯಾಗಿ ಪರೀಕ್ಷಿಸಿ.

ಮೊದಲು ಲಾಗ್ ತೆರೆಯಿರಿ

ಲಾಗ್ ಎಂದರೆ ವಿಎಲ್‌ಸಿ ತಾನು ಮಾಡುತ್ತಿರುವುದನ್ನು ಸಾಲು ಸಾಲಾಗಿ ಬರೆದಿಡುವ ಟಿಪ್ಪಣಿ. ವಿಎಲ್‌ಸಿಯಲ್ಲಿ ಕಂಟ್ರೋಲ್ ಹಿಡಿದು ‘ಎಂ’ ಒತ್ತಿದರೆ ಮೆಸೇಜಸ್ ಕಿಟಕಿ ಬರುತ್ತದೆ. ಕೆಳಗೆ ವರ್ಬಾಸಿಟಿ ಅಂತ ಒಂದು ಅಂಕಿ ಇರುತ್ತದೆ. ಅದನ್ನು 2 ಮಾಡಿ. ಆ ಕಿಟಕಿ ತೆರೆದಿರುವಾಗಲೇ ವಿಳಾಸವನ್ನು ಮತ್ತೆ ಹಾಕಿ. ನೂರಾರು ಸಾಲು ಓಡುತ್ತವೆ, ಹೆದರಬೇಡಿ. ಬೇಕಾಗಿರುವುದು ‘ಎರರ್’ ಎಂಬ ಪದ ಇರುವ ಮೊದಲ ಸಾಲು. ಕೊನೆಯದ್ದಲ್ಲ. ಮೊದಲ ತಪ್ಪಿನಿಂದ ಹುಟ್ಟಿದ ಗದ್ದಲವೇ ಕೊನೆಯಲ್ಲಿ ಜಾಸ್ತಿ ಇರುತ್ತದೆ.

ಅದೇ ಲಾಗ್‌ನಲ್ಲಿ ಇನ್ನೊಂದು ವಿಷಯ ಸಿಗುತ್ತದೆ. ವಿಎಲ್‌ಸಿಯ ಕೈಗೆ ನಿಜವಾಗಿ ಯಾವ ವಿಳಾಸ ಬಂತು ಅಂತ. ನಾವು ಬರೆದದ್ದೂ ಅದಕ್ಕೆ ಸಿಕ್ಕಿದ್ದೂ ಒಂದೇ ಅಂತ ನಂಬಿಕೊಂಡಿರುತ್ತೇವೆ. ಆ ನಂಬಿಕೆಯಿಂದಲೇ ನಮ್ಮ ಎರಡು ಸಂಜೆ ಹಾಳಾಗಿದ್ದು. ವಿಡಿಯೋ ಓಡುತ್ತಿದ್ದರೆ ಕಂಟ್ರೋಲ್ ಮತ್ತು ‘ಐ’ ಒತ್ತಿ ನೋಡಿ. ಆ ಕಿಟಕಿಯ ಅಡಿಯಲ್ಲಿ ಲೊಕೇಷನ್ ಎಂಬಲ್ಲಿ ವಿಳಾಸ ಕಾಣುತ್ತದೆ.

ವಿಳಾಸವನ್ನು ತುಂಡು ಮಾಡುವುದು

ಕ್ಯಾಮೆರಾದ ವಿಳಾಸ ಸಾಮಾನ್ಯವಾಗಿ ಹೀಗಿರುತ್ತದೆ:

ಆರ್‌ಟಿಎಸ್‌ಪಿ://ಹೆಸರು:ಪಾಸ್‌ವರ್ಡ್@192.168.1.64:554/ದಾರಿ

ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಮೊದಲ ಪದವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಬೇಕು. ಇದರಲ್ಲಿ ಎಡದಿಂದ ಬಲಕ್ಕೆ ಯಾವ ಬಗೆಯ ಮಾತು, ಯಾರು ಕೇಳುತ್ತಿದ್ದಾರೆ, ಯಾವ ಯಂತ್ರದ ಯಾವ ಬಾಗಿಲು, ಒಳಗೆ ಯಾವ ದಾರಿ ಎಂಬ ನಾಲ್ಕು ಸಂಗತಿಗಳಿವೆ. ಆದರೆ ಪರೀಕ್ಷೆ ಮಾಡುವಾಗ ನಾನು ಮೂರನೆಯದರಿಂದ, ಅಂದರೆ ಯಂತ್ರದಿಂದ ಶುರು ಮಾಡುತ್ತೇನೆ. ಯಂತ್ರವೇ ಸಿಗದಿದ್ದರೆ ಉಳಿದದ್ದು ಸರಿ ಇದ್ದರೂ ಪ್ರಯೋಜನ ಇಲ್ಲ ಅಲ್ವಾ.

ಮೊದಲ ಪದದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಆರ್‌ಟಿಎಸ್‌ಪಿ ಎಂದರೆ ವಿಡಿಯೋ ಕಳಿಸು ಅಂತ ಪ್ಲೇಯರ್ ಕ್ಯಾಮೆರಾದ ಜೊತೆ ಮಾತಾಡುವ ಕ್ರಮ. ಅದನ್ನು ಬಿಟ್ಟು ಕಮಾಂಡ್ ಸಾಲಿನಲ್ಲಿ ಬರೀ ಅಂಕಿಯಿಂದ ವಿಳಾಸ ಶುರು ಮಾಡಿದರೆ ವಿಎಲ್‌ಸಿ ಅದನ್ನು ಫೈಲಿನ ಹೆಸರು ಅಂದುಕೊಳ್ಳುತ್ತದೆ. ಜಾಲದ ವಿಳಾಸ ಕೊಟ್ಟಾಗ ಲಾಗ್‌ನಲ್ಲಿ ‘ಫೈಲ್‌ಸಿಸ್ಟಮ್’ ಎಂಬ ಪದ ಕಂಡರೆ ಇದೇ ಕಾರಣ. ಇನ್ನು, ಕೆಲವು ಲಿನಕ್ಸ್‌ಗಳ ಜೊತೆ ಬರುವ ವಿಎಲ್‌ಸಿಯಲ್ಲಿ ಲೈವ್555 ಎಂಬ ಭಾಗ ಇರುವುದಿಲ್ಲ. ಆರ್‌ಟಿಎಸ್‌ಪಿ ವಿಳಾಸ ತೆರೆಯುವುದು ಆ ಭಾಗದ ಕೆಲಸ. ಅದಿಲ್ಲದಿದ್ದರೆ ಅಕ್ಷರ ಅಕ್ಷರ ಸರಿ ಇದ್ದರೂ ವಿಳಾಸ ತೆರೆಯುವುದಿಲ್ಲ.

ಯಂತ್ರ ಸಿಗುತ್ತದೆಯೇ?

ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಅಂತ ಬರೆದು ಕ್ಯಾಮೆರಾದ ಅಂಕಿ, ಅಂದರೆ 192.168.1.64 ಎಂಬಂಥ ಐಪಿ ವಿಳಾಸ, ಕೊಡಿ. ಉತ್ತರ ಬಂದರೆ ಯಂತ್ರ ಇದೆ. ಬರದಿದ್ದರೆ ನಿಮ್ಮ ಕಂಪ್ಯೂಟರಿನ ಅಂಕಿಯನ್ನೂ ನೋಡಿ, ಎರಡನ್ನೂ ಹೋಲಿಸಿ.

ಚಿಕ್ಕಪ್ಪನ ಮನೆಯ ಮೊದಲ ತಪ್ಪು ಇಲ್ಲೇ ಇತ್ತು. ಅಕ್ಟೋಬರ್ ಮಳೆಯಲ್ಲಿ ಸಿಡಿಲು ಬಡಿದು ರೂಟರ್ ಸುಟ್ಟಿತ್ತು. ಮಲೆನಾಡಿನಲ್ಲಿ ಇದು ಹೊಸತಲ್ಲ. ಹೊಸ ರೂಟರ್ ಹಾಕಿದರು, ಇಂಟರ್‌ನೆಟ್ ಬಂತು, ಮೊಬೈಲ್ ಓಡಿತು. ಎಲ್ಲ ಸರಿಯಾಯಿತು ಅಂದುಕೊಂಡರು. ಆದರೆ ಹಳೇ ರೂಟರ್ 192.168.1 ಎಂದು ಶುರುವಾಗುವ ಅಂಕಿ ಹಂಚುತ್ತಿತ್ತು. ಹೊಸದು 192.168.0 ಎಂದು ಶುರುವಾಗುವುದನ್ನು ಹಂಚುತ್ತಿತ್ತು. ಕ್ಯಾಮೆರಾಕ್ಕೆ ಮಾತ್ರ 192.168.1.64 ಅಂತ ಖಾಯಂ ಅಂಕಿ ಕೂರಿಸಿದ್ದರು. ಒಂದೇ ಮನೆಯಲ್ಲಿ, ಒಂದೇ ರೂಟರಿಗೆ ಸಿಕ್ಕಿಸಿದ್ದರೂ ಕಂಪ್ಯೂಟರಿಗೆ ಕ್ಯಾಮೆರಾ ಕಾಣುತ್ತಿರಲಿಲ್ಲ. ಹೊಸ ರೂಟರಿನ ಒಳಜಾಲದ ಅಂಕಿಯನ್ನು 192.168.1.1 ಮಾಡಿದ ಮೇಲೆ ಪಿಂಗ್‌ಗೆ ಉತ್ತರ ಬಂತು.

ರೂಟರ್ ಬದಲಾಗಿಲ್ಲ ಅನ್ನುವವರಿಗೂ ಒಂದು ಮಾತು. ಕ್ಯಾಮೆರಾ ತನ್ನ ಅಂಕಿಯನ್ನು ರೂಟರಿನಿಂದ ಪಡೆಯುತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಬೇರೆ ಅಂಕಿ ಸಿಗಬಹುದು. ರೂಟರಿನಲ್ಲಿ ಆ ಕ್ಯಾಮೆರಾಕ್ಕೆ ಅಂತಲೇ ಒಂದು ಅಂಕಿ ಮೀಸಲಿಡಿ. ಆಗ ಅದು ಬದಲಾಗುವುದಿಲ್ಲ.

ಪಿಂಗ್ ಸರಿ ಇದ್ದರೆ ಮುಂದಿನದು ಬಾಗಿಲು, ಅಂದರೆ ಪೋರ್ಟ್. ಆರ್‌ಟಿಎಸ್‌ಪಿಗೆ ರೂಢಿಯ ಪೋರ್ಟ್ 554. ವಿಳಾಸದಲ್ಲಿ ಬರೆಯದಿದ್ದರೂ ಅದೇ ಅಂತ ತಿಳಿದುಕೊಳ್ಳುತ್ತದೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆಜ್ಞೆಗೆ ಕ್ಯಾಮೆರಾದ ಅಂಕಿ ಮತ್ತು ಪೋರ್ಟ್ ಕೊಟ್ಟರೆ ಬಾಗಿಲು ತೆರೆದಿದೆಯೇ ಎಂದು ಹೇಳುತ್ತದೆ. ಪಿಂಗ್ ಬಂದು ಪೋರ್ಟ್ ಬರದಿದ್ದರೆ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಆರ್‌ಟಿಎಸ್‌ಪಿ ಆಫ್ ಆಗಿರಬಹುದು, ಅಥವಾ ಬೇರೆ ಪೋರ್ಟ್ ಕೊಟ್ಟಿರಬಹುದು.

ಅಂಕಿಯ ವಿಚಾರದಲ್ಲಿ ಕನ್ನಡ ಬಳಸುವವರಿಗೇ ಬರುವ ಒಂದು ತೊಂದರೆ ಇದೆ. ಕೀಬೋರ್ಡ್ ಕನ್ನಡದಲ್ಲಿದ್ದು ೧೯೨ ಅಂತ ಕನ್ನಡ ಅಂಕಿ ಬಿದ್ದರೆ ವಿಳಾಸ ಕೆಲಸ ಮಾಡುವುದಿಲ್ಲ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಮೆಸೇಜಿನಿಂದ ಕಾಪಿ ಮಾಡಿದ ವಿಳಾಸದ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೂ ಹಾಗೇ. ಅನುಮಾನ ಬಂದರೆ ವಿಳಾಸವನ್ನು ಪೂರ್ತಿ ಅಳಿಸಿ, ಇಂಗ್ಲಿಷ್ ಕೀಬೋರ್ಡಿನಲ್ಲಿ ಕೈಯಿಂದಲೇ ಬರೆಯಿರಿ.

ಪಾಸ್‌ವರ್ಡಿನಲ್ಲಿರುವ ಗುರುತುಗಳು

ಚಿಕ್ಕಪ್ಪನ ಎರಡನೇ ತಪ್ಪು ಇದು. ನನಗೆ ಗೊತ್ತಿರುವ ಮಟ್ಟಿಗೆ ಜನ ಜಾಸ್ತಿ ಸಿಕ್ಕಿಬೀಳುವುದೂ ಇಲ್ಲೇ.

ರೂಟರ್ ಹಾಕಲು ಬಂದ ಹುಡುಗ ಕ್ಯಾಮೆರಾದ ಪಾಸ್‌ವರ್ಡನ್ನೂ ಬದಲಾಯಿಸಿಕೊಟ್ಟಿದ್ದ. ಒಳ್ಳೆಯ ಕೆಲಸವೇ. ಮೊದಲಿದ್ದದ್ದು ತೀರಾ ಸುಲಭದ್ದು. ಹೊಸ ಪಾಸ್‌ವರ್ಡ್ ‘ಅಂಗಳ@ಅಡಿಕೆ#1’ ಎಂಬ ಥರದ್ದು ಅಂತ ಇಟ್ಟುಕೊಳ್ಳಿ. ಬ್ರೌಸರಿನಲ್ಲಿ ಕ್ಯಾಮೆರಾದ ಪುಟಕ್ಕೆ ಹೋಗಿ ಅದನ್ನು ಹಾಕಿದರೆ ಒಳಗೆ ಬಿಡುತ್ತದೆ. ವಿಳಾಸದೊಳಗೆ ಹಾಕಿದರೆ ಬಿಡುವುದಿಲ್ಲ. ಯಾಕೆ?

ವಿಳಾಸದಲ್ಲಿ @ ಎಂಬ ಗುರುತಿಗೆ ಅದರದೇ ಕೆಲಸ ಇದೆ. ಪಾಸ್‌ವರ್ಡ್ ಮುಗಿಯಿತು, ಇನ್ನು ಯಂತ್ರದ ಅಂಕಿ ಅಂತ ಅದು ಹೇಳುತ್ತದೆ. ಪಾಸ್‌ವರ್ಡಿನಲ್ಲೂ ಒಂದು @ ಇದ್ದರೆ ಎಲ್ಲಿ ಕತ್ತರಿಸಬೇಕು ಅಂತ ಪ್ಲೇಯರಿಗೆ ತಿಳಿಯದೆ ಹೋಗಬಹುದು. # ಇನ್ನೂ ಕಷ್ಟದ್ದು. ವಿಎಲ್‌ಸಿಯ ವಿಳಾಸದಲ್ಲಿ # ಆದಮೇಲೆ ಬರುವುದು ಡಿವಿಡಿಯ ಟೈಟಲ್ ಮತ್ತು ಅಧ್ಯಾಯದ ಅಂಕಿಗೆ ಮೀಸಲು.

ಇದಕ್ಕೆ ಪರಿಹಾರ, ಆ ಗುರುತಿನ ಬದಲು ಶೇಕಡಾ ಚಿಹ್ನೆ ಹಾಕಿ ಅದರ ಸಂಕೇತ ಬರೆಯುವುದು. @ ಇದ್ದಲ್ಲಿ %40, # ಇದ್ದಲ್ಲಿ %23, ಖಾಲಿ ಜಾಗಕ್ಕೆ %20. ಶೇಕಡಾ ಚಿಹ್ನೆಯೇ ಪಾಸ್‌ವರ್ಡಿನಲ್ಲಿದ್ದರೆ %25. ಆಗ ಮೇಲಿನ ಪಾಸ್‌ವರ್ಡ್ ವಿಳಾಸದಲ್ಲಿ ‘ಅಂಗಳ%40ಅಡಿಕೆ%231’ ಆಗುತ್ತದೆ. ಕೋಲನ್, ಓರೆಗೆರೆ, ಪ್ರಶ್ನೆಚಿಹ್ನೆ ಇದ್ದರೂ ಹೀಗೇ ಸಂಕೇತ ಬೇಕು. ಅವು ವಿಳಾಸದಲ್ಲಿ ಬೇರೆ ಕೆಲಸ ಮಾಡುವ ಗುರುತುಗಳು.

ತಪ್ಪು ಪಾಸ್‌ವರ್ಡಿನ ಜಾಗದಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳಲು ಒಂದು ಸುಲಭ ದಾರಿ ಇದೆ. ಹೆಸರು, ಪಾಸ್‌ವರ್ಡ್, @ ಮೂರನ್ನೂ ಬಿಟ್ಟು ಉಳಿದ ವಿಳಾಸ ಮಾತ್ರ ಕೊಡಿ. ಕ್ಯಾಮೆರಾ ಗುರುತು ಕೇಳಿದಾಗ ವಿಎಲ್‌ಸಿ ತಾನೇ ಒಂದು ಚಿಕ್ಕ ಕಿಟಕಿ ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ಯಾವ ಸಂಕೇತವೂ ಬೇಡ, ಪಾಸ್‌ವರ್ಡನ್ನು ಇದ್ದ ಹಾಗೇ ಬರೆಯಿರಿ. ಚಿತ್ರ ಬಂದರೆ ಯಂತ್ರ, ಪೋರ್ಟ್, ದಾರಿ, ಪಾಸ್‌ವರ್ಡ್ ಎಲ್ಲ ಸರಿ. ಅದನ್ನು ವಿಳಾಸದೊಳಗೆ ಬರೆದ ರೀತಿ ಮಾತ್ರ ತಪ್ಪು. ಚಿಕ್ಕಪ್ಪನ ಮನೆಯಲ್ಲಿ ಇದನ್ನು ಮಾಡಿದ ಕೂಡಲೇ ಅಂಗಳ ಕಂಡಿತು. ಕೆಲಸ ಮುಗಿದಿರಲಿಲ್ಲ, ಆದರೂ ಅವರ ಮುಖದಲ್ಲಿ ಅಷ್ಟು ಸಮಾಧಾನ.

ಇಲ್ಲಿ ತಾಳ್ಮೆ ಬೇಕು. ಲಾಗ್‌ನಲ್ಲಿ 401 ಎಂದು ಬಂದರೆ ಗುರುತು ಒಪ್ಪಲಿಲ್ಲ ಎಂದರ್ಥ. ಅದನ್ನು ನೋಡಿ ಬೇರೆ ಬೇರೆ ಪಾಸ್‌ವರ್ಡ್ ಹಾಕುತ್ತಾ ಹೋಗಬೇಡಿ. ಕೆಲವು ಕ್ಯಾಮೆರಾಗಳು ಹಲವು ಸಲ ತಪ್ಪು ಬಂದರೆ ಆ ಕಂಪ್ಯೂಟರಿಗೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಬಿಡುತ್ತವೆ. ಆಮೇಲೆ ಸರಿಯಾದದ್ದು ಹಾಕಿದರೂ ಬಿಡುವುದಿಲ್ಲ. ನೀವು ಸರಿಯಾದದ್ದನ್ನೇ ತಪ್ಪು ಅಂತ ತೀರ್ಮಾನಿಸಿ ಕೈಬಿಡುತ್ತೀರಿ.

ದಾರಿ, ಮತ್ತು ಆ & ಗುರುತು

ಕೊನೆಯ ತುಂಡು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ. ಒಂದು ಬಗೆಯಲ್ಲಿ ಕೊನೆಗೆ 101 ಅಂತ ಬರುತ್ತದೆ. ಅಂದರೆ 1ನೇ ಚಾನೆಲ್‌ನ ಮುಖ್ಯ ಸ್ಟ್ರೀಮ್. 102 ಅಂದರೆ ಅದೇ ಚಾನೆಲ್‌ನ ಚಿಕ್ಕ ಸ್ಟ್ರೀಮ್. ಇನ್ನೊಂದು ಬಗೆಯಲ್ಲಿ ಪ್ರಶ್ನೆಚಿಹ್ನೆ ಬಂದು, ಚಾನೆಲ್=1&ಸಬ್‌ಟೈಪ್=0 ಎಂಬ ರೂಪ ಇರುತ್ತದೆ. ನಿಮ್ಮ ಕ್ಯಾಮೆರಾದ ಪುಸ್ತಕದಲ್ಲಿ ಇದ್ದದ್ದನ್ನೇ, ದೊಡ್ಡ ಅಕ್ಷರ ಸಣ್ಣ ಅಕ್ಷರ ಸಮೇತ ಬರೆಯಿರಿ. ಲಾಗ್‌ನಲ್ಲಿ 404 ಬಂದರೆ ದಾರಿ ತಪ್ಪು.

ಆ & ಗುರುತು ವಿಎಲ್‌ಸಿಯ ಕಿಟಕಿಯಲ್ಲಿ ಏನೂ ತೊಂದರೆ ಕೊಡುವುದಿಲ್ಲ. ಕಮಾಂಡ್ ಸಾಲಿನಲ್ಲಿ ಕೊಡುತ್ತದೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, & ಕಂಡಲ್ಲಿ ಒಂದು ಆಜ್ಞೆ ಮುಗಿಯಿತು ಅಂದುಕೊಳ್ಳುತ್ತದೆ. ವಿಳಾಸದ ಅರ್ಧ ಮಾತ್ರ ವಿಎಲ್‌ಸಿಗೆ ತಲುಪುತ್ತದೆ. ಚಿಕ್ಕ ಸ್ಟ್ರೀಮ್ ಕೇಳಿದ್ದೆ, ದೊಡ್ಡದೇ ಬರ್ತಿದೆ ಅನ್ನುವ ದೂರು ಹಲವು ಸಲ ಹೀಗೆ ಹುಟ್ಟುತ್ತದೆ. ಇಡೀ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಸಾಕು. ಲಿನಕ್ಸ್‌ನಲ್ಲಿ ಪಾಸ್‌ವರ್ಡಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಒಂಟಿ ಉದ್ಧರಣ ಚಿಹ್ನೆ ಬಳಸಿ.

ಹತ್ತು ಸೆಕೆಂಡ್ ಕಪ್ಪಾಗಿದ್ದು ಆಮೇಲೆ ಚಿತ್ರ ಬಂದರೆ

ವಿಳಾಸ ಸರಿ ಇದೆ, ಸಾಗಣೆಯ ದಾರಿ ಕಟ್ಟಿದೆ ಅಂತ ಇದರ ಅರ್ಥ. ಆರ್‌ಟಿಎಸ್‌ಪಿ ಮಾತುಕತೆ ಟಿಸಿಪಿ ಎಂಬ ಒಂದು ದಾರಿಯಲ್ಲಿ, ಚಿತ್ರದ ತುಣುಕುಗಳು ಯುಡಿಪಿ ಎಂಬ ಇನ್ನೊಂದು ದಾರಿಯಲ್ಲಿ ಬರುತ್ತವೆ. ಫೈರ್‌ವಾಲ್ ಎರಡನೆಯದನ್ನು ತಡೆದರೆ, ವಿಎಲ್‌ಸಿ 10 ಸೆಕೆಂಡ್ ಕಾದು, ಏನೂ ಬರಲಿಲ್ಲ, ಟಿಸಿಪಿಗೆ ಬದಲಾಯಿಸುತ್ತೇನೆ ಅಂತ ಲಾಗ್‌ನಲ್ಲಿ ಬರೆದು ದಾರಿ ಬದಲಿಸುತ್ತದೆ. ಪ್ರತಿ ಸಲ ಆ ಕಾಯುವಿಕೆ ಬೇಡವೆಂದರೆ ಪ್ರಿಫರೆನ್ಸಸ್‌ನ ಇನ್‌ಪುಟ್ ಭಾಗದಲ್ಲಿ ಲೈವ್555 ಸಾಗಣೆಯನ್ನು ಆರ್‌ಟಿಪಿ ಓವರ್ ಆರ್‌ಟಿಎಸ್‌ಪಿ ಮಾಡಿ. ವೈಫೈಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೂ ಇದನ್ನೇ ಮೊದಲು ಮಾಡಿ ನೋಡಿ.

ಚಿತ್ರ ನಿಂತು ನಿಂತು ಬಂದರೆ ನೆಟ್‌ವರ್ಕ್ ಕ್ಯಾಶಿಂಗ್ ಹೆಚ್ಚಿಸಬಹುದು. ಅದು ಮೊದಲಿಂದ 1000 ಮಿಲಿಸೆಕೆಂಡ್ ಇರುತ್ತದೆ. 3000 ಮಾಡಿದರೆ ತಡೆ ಕಡಿಮೆ, ಆದರೆ ನೀವು ನೋಡುವುದು ಮೂರು ಸೆಕೆಂಡ್ ಹಿಂದಿನದು. ಅಂಗಳಕ್ಕೆ ಅದು ಸಾಕು. ಗೇಟಿನ ಕ್ಯಾಮೆರಾಕ್ಕೆ ನಾನಾದರೆ ಹೆಚ್ಚಿಸುವುದಿಲ್ಲ.

ಯುಡಿಪಿ ಮಲ್ಟಿಕಾಸ್ಟ್ (ಒಂದೇ ವಿಡಿಯೋವನ್ನು ಜಾಲದಲ್ಲಿರುವ ಹಲವರಿಗೆ ಒಟ್ಟಿಗೆ ಕಳಿಸುವ ಕ್ರಮ) ನೋಡುವವರಿಗೆ ಒಂದು ಎಚ್ಚರಿಕೆ. ಅಲ್ಲಿ @ ಗುರುತಿನ ಅರ್ಥವೇ ಬೇರೆ. ಯುಡಿಪಿ://@239.255.1.1:1234 ಎಂದು ಬರೆದರೆ, ಈ ಅಂಕಿಯಲ್ಲಿ ಕಿವಿಗೊಟ್ಟು ಕಾಯಿ ಅಂತ. @ ಬಿಟ್ಟರೆ ಆ ಅಂಕಿಯನ್ನು ಕಳಿಸುವವರ ವಿಳಾಸ ಎಂದು ತಿಳಿಯುತ್ತದೆ, ಚಿತ್ರ ಬರುವುದಿಲ್ಲ. ಮಲ್ಟಿಕಾಸ್ಟ್ ಅಂಕಿಗಳು 224ರಿಂದ 239ರವರೆಗಿನವುಗಳಿಂದ ಶುರುವಾಗುತ್ತವೆ. ಯುಡಿಪಿಯಲ್ಲಿ ಮೊದಲು ಕೈಕುಲುಕುವ ಕ್ರಮ ಇಲ್ಲ. ಹಾಗಾಗಿ ವಿಳಾಸ ತಪ್ಪಿದರೂ ದೋಷದ ಸಂದೇಶ ಬರುವುದಿಲ್ಲ, ಪರದೆ ಸುಮ್ನೆ ಖಾಲಿ ಇರುತ್ತದೆ.

ಕನ್ನಡ ಹೆಸರಿನ ಫೈಲುಗಳು

ಜಾಲ ಬಿಟ್ಟು ಫೈಲಿಗೆ ಬಂದರೆ, ನನ್ನ ಹತ್ತಿರ ಜನ ತರುವ ತೊಂದರೆ ಬಹುಪಾಲು ಪ್ಲೇಲಿಸ್ಟಿನದ್ದು. ಮದುವೆ ಮನೆಯಲ್ಲೋ ಶಾಲೆಯ ವಾರ್ಷಿಕೋತ್ಸವದಲ್ಲೋ ಹಾಕಲು ಎಂ3ಯು ಫೈಲ್ ಮಾಡಿ ಪೆನ್‌ಡ್ರೈವಿನಲ್ಲಿ ತಂದಿರುತ್ತಾರೆ. ಮನೆಯಲ್ಲಿ ಓಡಿದ್ದು ಅಲ್ಲಿ ಓಡುವುದಿಲ್ಲ.

ಮೊದಲು ಆ ಪ್ಲೇಲಿಸ್ಟನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಹೆಸರಿನ ಜಾಗದಲ್ಲಿ ಪ್ರಶ್ನೆಚಿಹ್ನೆಗಳ ಸಾಲು ಕಂಡರೆ ಉಳಿಸುವಾಗಲೇ ಕನ್ನಡ ಅಳಿದುಹೋಗಿದೆ. ಅದನ್ನು ಮತ್ತೆ ತರಲು ಆಗುವುದಿಲ್ಲ, ಹೊಸದಾಗಿ ಮಾಡಬೇಕು. ಈ ಸಲ ಯುಟಿಎಫ್-8 (ಕನ್ನಡವನ್ನೂ ಉಳಿಸಬಲ್ಲ ಅಕ್ಷರ ಸಂಕೇತ ಪದ್ಧತಿ) ಆರಿಸಿ ಉಳಿಸಿ, ಫೈಲಿನ ಬಾಲಕ್ಕೆ ಎಂ3ಯು8 ಅಂತ ಕೊಡಿ. ಆಗ ಒಳಗಿನದು ಯುಟಿಎಫ್-8 ಎಂದು ಪ್ಲೇಯರಿಗೆ ಅನುಮಾನ ಉಳಿಯುವುದಿಲ್ಲ.

ಹೆಸರು ಸರಿ ಇದ್ದು, ಅದರ ಮುಂದೆ ಡ್ರೈವಿನ ಅಕ್ಷರ ಇದ್ದರೆ ಅದೇ ಕಾರಣ. ನಿಮ್ಮ ಮನೆಯಲ್ಲಿ ಪೆನ್‌ಡ್ರೈವ್ ‘ಇ’ ಆಗಿದ್ದರೆ ಅಲ್ಲಿ ‘ಎಫ್’ ಆಗಿರುತ್ತದೆ. ಪ್ಲೇಲಿಸ್ಟನ್ನೂ ವಿಡಿಯೋಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಒಳಗೆ ಬರೀ ಫೈಲಿನ ಹೆಸರು ಬರೆಯಿರಿ. ಪ್ಲೇಲಿಸ್ಟ್ ಎಲ್ಲಿದೆಯೋ ಅಲ್ಲಿಂದ ವಿಎಲ್‌ಸಿ ಹುಡುಕಿಕೊಳ್ಳುತ್ತದೆ. ಮತ್ತೆ, # ಗುರುತಿನಿಂದ ಶುರುವಾಗುವ ಸಾಲನ್ನು ಎಂ3ಯು ಟಿಪ್ಪಣಿ ಎಂದು ತಿಳಿದು ಬಿಟ್ಟುಬಿಡುತ್ತದೆ. ಫೈಲಿಗೆ ‘#1 ಪ್ರಾರ್ಥನೆ’ ಅಂತ ಹೆಸರಿಟ್ಟಿದ್ದರೆ ಪ್ರಾರ್ಥನೆಯೇ ಇಲ್ಲದೆ ಕಾರ್ಯಕ್ರಮ ಶುರುವಾಗುತ್ತದೆ. ಹೆಸರು ಬದಲಾಯಿಸಿ.

ವಿಳಾಸದ ರೂಪದಲ್ಲಿ ಬರೆಯುವುದಾದರೆ ಫೈಲ್ ಎಂಬ ಪದ, ಕೋಲನ್, ಆಮೇಲೆ ಮೂರು ಓರೆಗೆರೆ ಬೇಕು. ಎರಡು ಸಾಲದು. ಕನ್ನಡ ಹೆಸರು ಆ ರೂಪದಲ್ಲಿ ಬಹಳ ಉದ್ದವಾಗುತ್ತದೆ, ಗಾಬರಿಯಾಗಬೇಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒಂದೊಂದು ಬೈಟ್ ಶೇಕಡಾ ರೂಪದಲ್ಲಿ 3 ಅಕ್ಷರ. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮಾಡುವ ವಿರಾಮದ ಗುರುತೂ ಸೇರಿ 5 ಸಂಕೇತಗಳು. ಹಾಗಾಗಿ ಅದೊಂದೇ ಪದ 45 ಅಕ್ಷರ ಆಗುತ್ತದೆ.

ಕನ್ನಡ ಹೆಸರನ್ನು ಕೈಯಿಂದ ಟೈಪ್ ಮಾಡಬೇಡಿ, ಕಾಪಿ ಮಾಡಿ. ಅರ್ಧಾಕ್ಷರದ ನಂತರ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತವೆ. ಪದದ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ಹೆಸರು ಒಂದೇ ಥರ ಕಾಣುತ್ತದೆ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಫೈಲು.

ವೆಬ್ ಪುಟದ ವಿಳಾಸ ಹಾಕಿ, ವಿಡಿಯೋ ಬರಲಿಲ್ಲ ಅನ್ನುವವರೂ ಇದ್ದಾರೆ. ಪುಟದ ವಿಳಾಸ ಬೇರೆ, ಅದರೊಳಗಿನ ವಿಡಿಯೋದ ವಿಳಾಸ ಬೇರೆ. ಕೆಲವು ತಾಣಗಳ ಪುಟದಿಂದ ವಿಡಿಯೋ ಹುಡುಕಿಕೊಳ್ಳಲು ವಿಎಲ್‌ಸಿಯಲ್ಲಿ ಲುವಾ ಭಾಷೆಯ ಚಿಕ್ಕ ಸ್ಕ್ರಿಪ್ಟುಗಳಿವೆ. ತಾಣ ತನ್ನ ಪುಟದ ರಚನೆ ಬದಲಾಯಿಸಿದಾಗ ಅವು ಕೆಡುತ್ತವೆ. ಆಗ ನೀವು ಮಾಡಬಹುದಾದದ್ದು ವಿಎಲ್‌ಸಿಯನ್ನು ಹೊಸ ಆವೃತ್ತಿಗೆ ಏರಿಸುವುದು. ನಿನ್ನೆ ಓಡಿದ ಎಂ3ಯು8 ಕೊಂಡಿ ಇವತ್ತು 403 ಎಂದರೆ, ಅದರ ಅವಧಿ ಮುಗಿದಿರಬಹುದು.

ಕೈಯಲ್ಲಿ ಬರೆದರೆ ಸರಿ, ಫೈಲಿನಲ್ಲಿಟ್ಟರೆ ತಪ್ಪು

ಮತ್ತೆ ಚಿಕ್ಕಪ್ಪನ ಜಗಲಿಗೆ, ಮೂರನೇ ತಪ್ಪಿಗೆ. ಅವರಿಗೆ ಡೆಸ್ಕ್‌ಟಾಪಿನ ಮೇಲೆ ಒಂದು ಬ್ಯಾಚ್ ಫೈಲ್, ಅಂದರೆ ಆಜ್ಞೆಯ ಸಾಲು ಬರೆದಿಟ್ಟ ಫೈಲ್, ಇದೆ. ಡಬಲ್ ಕ್ಲಿಕ್ ಮಾಡಿದರೆ ಅಂಗಳ ಬರಬೇಕು. ಪಾಸ್‌ವರ್ಡಿನ ಸಂಕೇತ ಸರಿಮಾಡಿದ ಸಾಲನ್ನು ಕಮಾಂಡ್ ಪ್ರಾಂಪ್ಟಿನಲ್ಲಿ ಬರೆದೆ, ಚಿತ್ರ ಬಂತು. ಅದೇ ಸಾಲನ್ನು ಬ್ಯಾಚ್ ಫೈಲಿಗೆ ಹಾಕಿದೆ, ಮತ್ತೆ ಎಂಆರ್‌ಎಲ್ ಸಂದೇಶ. ಅಕ್ಷರ ಅಕ್ಷರ ಹೋಲಿಸಿದೆ, ಒಂದೂ ಬೇರೆ ಇಲ್ಲ.

ಲಾಗ್ ನೋಡಿದ ಮೇಲೆ ತಿಳಿಯಿತು. ವಿಎಲ್‌ಸಿಗೆ ತಲುಪಿದ್ದ ಪಾಸ್‌ವರ್ಡ್ ‘ಅಂಗಳ0ಅಡಿಕೆ31’. ಬ್ಯಾಚ್ ಫೈಲಿನಲ್ಲಿ ಶೇಕಡಾ ಚಿಹ್ನೆಯ ಮುಂದೆ ಅಂಕಿ ಬಂದರೆ, ಈ ಫೈಲಿಗೆ ಹೊರಗಿನಿಂದ ಕೊಟ್ಟ ಇಷ್ಟನೇ ಪದ ಅಂತ ವಿಂಡೋಸ್ ಅರ್ಥ ಮಾಡಿಕೊಳ್ಳುತ್ತದೆ. %40ರಲ್ಲಿ %4 ಎಂಬುದು ನಾಲ್ಕನೇ ಪದ. ನಾವು ಏನೂ ಕೊಟ್ಟಿಲ್ಲ, ಹಾಗಾಗಿ ಅದು ಖಾಲಿ. 0 ಮಾತ್ರ ಉಳಿಯಿತು. %231ರಲ್ಲಿ %2 ಹೋಗಿ 31 ಉಳಿಯಿತು. ಪ್ರಾಂಪ್ಟಿನಲ್ಲಿ ನೇರವಾಗಿ ಬರೆದಾಗ ಈ ನಿಯಮ ಇಲ್ಲ, ಅದಕ್ಕೇ ಅಲ್ಲಿ ಸರಿ ಇತ್ತು.

ಬ್ಯಾಚ್ ಫೈಲಿನಲ್ಲಿ ಶೇಕಡಾ ಚಿಹ್ನೆಯನ್ನು ಎರಡೆರಡು ಸಲ ಬರೆಯಬೇಕು: %%40, %%23. ಹಾಗೆ ಬರೆದು ಡಬಲ್ ಕ್ಲಿಕ್ ಮಾಡಿದೆ. ಅಂಗಳ ಬಂತು, ಹರವಿದ ಅಡಿಕೆ ಕಂಡಿತು.

ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಆ ಬ್ಯಾಚ್ ಫೈಲನ್ನು ಯಾರು ತೆರೆದರೂ ಪಾಸ್‌ವರ್ಡ್ ಕಾಣುತ್ತದೆ. ಅದು ಕ್ಯಾಮೆರಾದ ಮುಖ್ಯ ಖಾತೆಯದ್ದಾಗಿತ್ತು. ಕ್ಯಾಮೆರಾದಲ್ಲಿ ನೋಡಲು ಮಾತ್ರ ಅನುಮತಿ ಇರುವ ಬೇರೆ ಖಾತೆ ಮಾಡಿದೆ. ಅದಕ್ಕೆ ಬರೀ ಅಕ್ಷರ ಮತ್ತು ಅಂಕಿಗಳಿರುವ ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಫೈಲಿನಲ್ಲಿ ಅದನ್ನು ಹಾಕಿದೆ. ಈಗ ಆ ಸಾಲಿನಲ್ಲಿ ಒಂದು ಶೇಕಡಾ ಚಿಹ್ನೆಯೂ ಇಲ್ಲ.